ಲೈಟ್ ಹಸಿರು, ಚಿತ್ರ ಮಾತ್ರ ಸ್ತಬ್ಧ: ಮಲ್ಟಿಕಾಸ್ಟ್ ಬೇಗ ಚೇತರಿಸಿಕೊಳ್ಳಲು ಏನು ಮಾಡಬೇಕು?

ದಾವಣಗೆರೆಯ ಕಾಲೇಜೊಂದರಲ್ಲಿ ಜೆಸಿಬಿ ಫೈಬರ್ ಕೇಬಲ್ ಕಿತ್ತುಹಾಕಿತ್ತು. ಜಾಲದ ಕೇಬಲ್‌ಗಳು ಬಂದು ಸೇರುವ ಸ್ವಿಚ್ ಪೆಟ್ಟಿಗೆಗಳೆಲ್ಲ ಉಂಗುರದಂತೆ ರಿಂಗ್‌ನಲ್ಲಿದ್ದವು, ಕ್ಷಣದಲ್ಲೇ ಇನ್ನೊಂದು ದಾರಿ ತೆರೆದುಕೊಂಡಿತು. ಇಂಟರ್‌ನೆಟ್ ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಗಾರ್ಡ್ ಕೋಣೆಯ ಟಿವಿಯಲ್ಲಿ ಕ್ಯಾಮೆರಾ ಚಿತ್ರಗಳು ಮಾತ್ರ ಎರಡು ನಿಮಿಷ ಅಲ್ಲಾಡಲಿಲ್ಲ. "ಲೈಟ್ ಹಸ್ರೇ ಐತಲ್ರೀ ಸಾರ್, ಮತ್ತೆ ಚಿತ್ರ ಯಾಕ್ ನಿಂತೈತಿ?" ಎಂದರು ಗಾರ್ಡ್.

ರಸ್ತೆ ಅಗೆದಾಗ ಪೇಪರ್ ಹಾಕುವ ಲೈನ್ ಬದಲಾಗುತ್ತದಲ್ಲ, ಹಾಗೆ. ಹೊಸ ಲೈನಿನ ಹುಡುಗನ ಪಟ್ಟಿಯಲ್ಲಿ ನಿಮ್ಮ ಮನೆ ಇರುವುದಿಲ್ಲ. ಯಾರಾದರೂ ಬಂದು ಕೇಳುವ ತನಕ ನೀವೂ ಬಾಯಿಬಿಡುವುದಿಲ್ಲ. ಒಂದೇ ಚಿತ್ರವನ್ನು ಕೇಳಿದವರಿಗೆಲ್ಲ ಒಟ್ಟಿಗೆ ಹಂಚುವುದೇ ಮಲ್ಟಿಕಾಸ್ಟ್. ಅದರಲ್ಲಿ ಯಾವ ಪೋರ್ಟ್‌ಗೆ ಚಿತ್ರ ಬೇಕೆಂಬ ಪಟ್ಟಿ ಇಡುವುದು ಸ್ವಿಚ್‌ನ ಐಜಿಎಂಪಿ ಸ್ನೂಪಿಂಗ್, ಕೇಳುತ್ತ ಬರುವವನು ಕ್ವೆರಿಯರ್. ಮೂಲ ಸೆಟ್ಟಿಂಗ್‌ನಲ್ಲಿ ಅವನು ಕೇಳುವುದು 125 ಸೆಕೆಂಡಿಗೊಮ್ಮೆ, ಉತ್ತರಕ್ಕೆ 10 ಸೆಕೆಂಡ್ ಗಡುವು. ಈಗಷ್ಟೇ ಕೇಳಿ ಹೋಗಿದ್ದರೆ ನಿಮ್ಮ ಗ್ರಹಚಾರ.

ಆದ್ದರಿಂದ ಮೊದಲು ಕ್ವೆರಿಯರ್ ಇದ್ದಾನೆಯೇ ನೋಡಿ, ಪ್ರತಿ ವಿಲ್ಯಾನ್‌ನಲ್ಲೂ (ಒಂದೇ ಜಾಲದೊಳಗೆ ಬೇರೆ ಮಾಡಿಟ್ಟ ಭಾಗ). ರೂಟರ್ ಇಲ್ಲದ ಕ್ಯಾಮೆರಾ ವಿಲ್ಯಾನ್‌ನಲ್ಲಿ ಬಹಳ ಸಲ ಇರುವುದೇ ಇಲ್ಲ. ಚಿತ್ರ ನಾಲ್ಕು ನಿಮಿಷ ಚೆನ್ನಾಗಿ ಬಂದು ಆಮೇಲೆ ನಿಂತರೆ ಅದೇ ಗುರುತು: ಪಟ್ಟಿಯ ಆಯುಸ್ಸು 260 ಸೆಕೆಂಡ್. ಮುಖ್ಯ ಸ್ವಿಚ್‌ನಲ್ಲಿ ಕ್ವೆರಿಯರ್ ಚಾಲೂ ಮಾಡಿ, ಇನ್ನೊಂದರಲ್ಲಿ ಬದಲಿಯನ್ನೂ ಇಡಿ. ಕಡಿಮೆ ಐಪಿ ವಿಳಾಸದವನೇ ಗೆಲ್ಲುತ್ತಾನೆ, ಹಾಗಾಗಿ ವಿಳಾಸವನ್ನು ಯೋಚಿಸಿ ಕೊಡಿ.

ಆಮೇಲೆ ಅವಧಿ. 125 ಅನ್ನು 30ಕ್ಕೆ, ಉತ್ತರದ ಗಡುವನ್ನು 5ಕ್ಕೆ ಇಳಿಸಿದರೆ ಕಾಯುವುದು ಹೆಚ್ಚೆಂದರೆ 35 ಸೆಕೆಂಡ್. ಬದಲಿ ಕ್ವೆರಿಯರ್‌ನಲ್ಲೂ ಇದೇ ಅಂಕಿ ಇರಲಿ.

ಇದಕ್ಕಿಂತ ಒಳ್ಳೆಯ ಉಪಾಯವೂ ಉಂಟು. ಟೊಪಾಲಜಿ, ಅಂದರೆ ಜಾಲದ ದಾರಿಗಳ ಜೋಡಣೆ, ಬದಲಾದ ಕೂಡಲೇ ಸ್ವಿಚ್ ತಾನೇ ಪ್ರಶ್ನೆ ಕಳಿಸಬಹುದು ಎಂದು 2006ರ ಇಂಟರ್‌ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 4541 ಹೇಳುತ್ತದೆ. ನಿಮ್ಮ ಸ್ವಿಚ್‌ನಲ್ಲಿ ಈ ಸೌಲಭ್ಯ ಇದ್ದರೆ ಆನ್ ಮಾಡಿ; ಕಂಪನಿಗೊಂದು ಹೆಸರು, ಮ್ಯಾನ್ಯುಯಲ್ ತೆರೆಯಲೇಬೇಕು. ಕೆಲವು ಸ್ವಿಚ್‌ಗಳು ಪ್ರಶ್ನೆ ಕೇಳುವ ಬದಲು ಸ್ವಲ್ಪ ಹೊತ್ತು ಎಲ್ಲ ಪೋರ್ಟ್‌ಗಳಿಗೂ ಚಿತ್ರ ಸುರಿಯುತ್ತವೆ. ತಲಾ 4 ಎಂಬಿಪಿಎಸ್‌ನ 20 ಕ್ಯಾಮೆರಾ ಎಂದರೆ 80. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಉಳಿದವರಿಗೆ ಉಸಿರಾಡಲು ಜಾಗವೆಲ್ಲಿ? ಸ್ನೂಪಿಂಗನ್ನೇ ಆಫ್ ಮಾಡಿ ಹೋಗುವ ಪುಣ್ಯಾತ್ಮರು ಈ ಲೆಕ್ಕ ಹಾಕಿರುವುದಿಲ್ಲ.

ಕಂಪ್ಯೂಟರ್, ಕ್ಯಾಮೆರಾಗಳ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಆಚೆ ಬೇರೆ ಸ್ವಿಚ್ ಇಲ್ಲದ ತುದಿಯ ಪೋರ್ಟ್) ಎಂದು ಗುರುತಿಸಿ. ಇಲ್ಲವಾದರೆ ಲ್ಯಾಬಿನಲ್ಲಿ ಒಂದು ಪಿಸಿ ಆನ್ ಆದರೂ ಟೊಪಾಲಜಿ ಬದಲಾಯಿತೆಂದು ಇಡೀ ಜಾಲಕ್ಕೆ ಡಂಗುರ. ರಿಂಗ್‌ನಲ್ಲಿ ಮಾಹಿತಿ ಸುತ್ತುತ್ತಲೇ ಇರದಂತೆ ದಾರಿ ಮುಚ್ಚಿ ತೆರೆಯುವ ಹಳೇ ಎಸ್‌ಟಿಪಿ ಇನ್ನೂ ಓಡುತ್ತಿದ್ದರೆ ಅದರ ವೇಗದ ರೂಪವಾದ ಆರ್‌ಎಸ್‌ಟಿಪಿಗೆ ಬದಲಿಸಿ. ಹಳೆಯದರಲ್ಲಿ ದಾರಿ ತೆರೆಯಲಿಕ್ಕೇ 30ರಿಂದ 50 ಸೆಕೆಂಡ್ ಹೋಗುತ್ತದೆ.

ಕಾಲೇಜು ಬಿಟ್ಟ ಮೇಲೆ ರಿಂಗ್‌ನ ಒಂದು ಕೇಬಲ್ ಎಳೆದು, ಗಡಿಯಾರ ಹಿಡಿದು ನೋಡಿ. ಒಂದು ಸಲ ಬೇಗ ಬಂತೆಂದು ನಂಬಬೇಡಿ, ಕ್ವೆರಿಯರ್ ಬರುವ ಹೊತ್ತಿಗೇ ನೀವು ಎಳೆದಿರಬಹುದು. ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಸಲ ಎಳೆಯಿರಿ. ಕೇಬಲ್ ಮರಳಿ ಚುಚ್ಚಿದಾಗಲೂ ಟಿವಿ ಕಡೆ ಕಣ್ಣಿರಲಿ. ಆಗಲೂ ದಾರಿ ಬದಲಾಗುತ್ತದೆ.