ಪಕ್ಕದ ಬೆಂಚಿನವರನ್ನು ಕೇಳಿದೆ, ಸುದ್ದಿ ಬಂತು

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಹಳೆ ವಿದ್ಯಾರ್ಥಿ ಸಂಘದ ವಾರ್ತಾಪತ್ರದ ಏಳನೇ ಸಂಚಿಕೆ ಪ್ರೆಸ್ಸಿನಿಂದ ಬಂದಾಗ ನಾನು ಮೊದಲು ಮಾಡಿದ ಕೆಲಸ ಹೆಸರು ಎಣಿಸಿದ್ದು. 410ರ ಆಸುಪಾಸು ಇತ್ತು. ಮೊದಲನೇ ಸಂಚಿಕೆಯಲ್ಲಿ ಇದ್ದದ್ದು 23 ಹೆಸರು, ಅದರಲ್ಲೂ ಒಂಬತ್ತು ಜನ ಸಮಿತಿಯವರೇ. "ಫೋನ್ ಮಾಡಿ ಸುದ್ದಿ ಕೇಳೋ ಕಾಲ ಹೋಯ್ತು ಮೇಡಂ, ಈಗೆಲ್ಲ ಆ್ಯಪ್" ಎಂದು ಸಭೆಯಲ್ಲಿ ಹೇಳಿದವರು ಈ ಸಲ ತಮ್ಮ ಬ್ಯಾಚು ಎಷ್ಟನೇ ಪುಟದಲ್ಲಿದೆ ಅಂತ ತಾವೇ ಫೋನ್ ಮಾಡಿ ಕೇಳಿದರು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಇಂಥ ಕೆಲಸ ಹೊತ್ತವರಿಗೆ ಅಡ್ಮಿಷನ್ ರಿಜಿಸ್ಟರ್, ಎಕ್ಸೆಲ್, ಬ್ಯಾಚಿಗೊಂದು ವಾಟ್ಸ್‌ಆ್ಯಪ್ ಗುಂಪು ಎಲ್ಲ ಗೊತ್ತೇ ಇರುತ್ತದೆ. ಅದನ್ನು ವಿವರಿಸುವುದಿಲ್ಲ.

ನಮ್ಮದು ಮಲೆನಾಡಿನ ಸಣ್ಣ ಕಥೋಲಿಕ ಕಾಲೇಜು, ಊರವರ ಬಾಯಲ್ಲಿ "ಫಾದರ್ ಕಾಲೇಜು". ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ ಶುರುವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವೇ ಆಯಿತು. ಅಂಥವರ ಬಲ ಬೇರೆ. ನಮ್ಮಲ್ಲಿ ವರ್ಷಕ್ಕೆ ಅರವತ್ತು ಎಪ್ಪತ್ತು ಜನ ಪದವಿ ಮುಗಿಸಿದರೆ ಹೆಚ್ಚು. ಮೊದಲ ಬ್ಯಾಚುಗಳದ್ದು ಮೈಸೂರು ವಿಶ್ವವಿದ್ಯಾಲಯದ ಸರ್ಟಿಫಿಕೇಟು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆದ ಮೇಲಿನವರದ್ದು ಅದು ಇರುವ ಶಂಕರಘಟ್ಟದ್ದು. ಓದಿದವರಲ್ಲಿ ಕ್ರೈಸ್ತರು ಮೂರರಲ್ಲೊಂದು ಪಾಲು ಇರಬಹುದು. ಉಳಿದವರು ಅಡಿಕೆ ತೋಟದ ಮನೆಯವರು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವರು, ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದ ಮನೆಗಳ ಮಕ್ಕಳು. ನಾನು 1996ರ ಬಿ.ಕಾಂ. ಶಿವಮೊಗ್ಗದಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಹಾಗಾಗಿ ವಾರ್ತಾಪತ್ರ ನನ್ನ ಕೊರಳಿಗೆ ಬಿತ್ತು.

ಶುರುವಿನ ಮೂರು ವರ್ಷ ಪೂರ್ತಿ ಸೋಲು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವುದಿತ್ತು. ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ 5.4 ಅಂತ ಒಂದು ಕಲಂ ಇತ್ತಲ್ಲ, ಅದಕ್ಕೋಸ್ಕರ ಎಲ್ಲರಿಗೂ ಆನ್‌ಲೈನ್ ಫಾರ್ಮ್ ಕಳಿಸಿದೆವು. ಸಾವಿರದ ನೂರು ಜನಕ್ಕೆ ಲಿಂಕ್ ಹೋಯಿತು, ತುಂಬಿದವರು 61. ಅದರಲ್ಲೂ ಬಹಳಷ್ಟು ಜನ ಹೆಸರು, ನಂಬರ್ ಬರೆದು "ಸಾಧನೆ" ಎಂಬ ಕಲಂ ಬಂದಲ್ಲಿ ನಿಲ್ಲಿಸಿಬಿಟ್ಟಿದ್ದರು. ಆ ಕಲಮೇ ಅವರನ್ನು ಓಡಿಸಿದ್ದು ಎಂದು ನನಗೆ ಹೊಳೆಯಲು ಇನ್ನೂ ಎರಡು ವರ್ಷ ಬೇಕಾಯಿತು.

ಆಮೇಲೆ ಆ್ಯಪ್. ಸಮಿತಿ ಒತ್ತಾಯ ಮಾಡಿತು, 35 ಸಾವಿರ ಕೊಟ್ಟು ಮಾಡಿಸಿದೆವು. ಎಂಬತ್ತು ಚಿಲ್ಲರೆ ಜನ ಇಳಿಸಿಕೊಂಡರು, ಹತ್ತು ಹನ್ನೆರಡು ಜನ ಫೋಟೋ ಹಾಕಿದರು. ಎರಡನೇ ವರ್ಷದ ಸರ್ವರ್ ಬಾಡಿಗೆಗೆ ದುಡ್ಡಿಲ್ಲದೆ ಅದು ನಿಂತಿತು.

ಮೂರನೇದು ನನ್ನದೇ ತಪ್ಪು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸಿ, ಕೊನೆಯ ಕರಡು ಓದದೆ ಪ್ರೆಸ್ಸಿಗೆ ಕಳಿಸಿದೆ. ಅರ್ಕಾವತ್ತು ಎಲ್ಲ ಎಲ್ಲೆಲ್ಲಿಗೋ ಹಾರಿತ್ತು. ಜಾರ್ಜ್, ಫರ್ನಾಂಡಿಸ್, ಕಾರ್ಮಿನ್ ಇರುವ ಕಾಲೇಜಿನ ಪತ್ರಿಕೆಯಲ್ಲಿ ಅರ್ಕಾವತ್ತು ಕೆಟ್ಟರೆ ಉಳಿಯುವುದೇನು? 500 ಪ್ರತಿ ರದ್ದಿಗೆ ಹೋಯಿತು. ಪ್ರತಿಗೆ 14 ರೂಪಾಯಿ ಲೆಕ್ಕದಲ್ಲಿ ಏಳು ಸಾವಿರ, ನನ್ನ ಕೈಯಿಂದ.

ದಾರಿ ಸಿಕ್ಕಿದ್ದು ಹೊಸನಗರದ ಕಡೆ ನನ್ನ ಕ್ಲಾಸ್‌ಮೇಟ್ ಒಬ್ಬಳ ಮನೆಯಲ್ಲಿ. ಡಿಸೆಂಬರ್ ತಿಂಗಳು, ಕೊನೆ ಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಜೋರು. ರಾತ್ರಿ ಚಪ್ಪರದಲ್ಲಿ ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು, ನಾನೂ ಕೂತೆ. "ನಿನ್ನ ಸುದ್ದಿ ಬರ್ಕೊಡೇ" ಅಂದೆ. "ನಂದೆಂತ ಸುದ್ದಿ ಮಾರಾಯ್ತಿ, ಅದೇ ತೋಟ, ಅದೇ ಕೊಟ್ಟಿಗೆ" ಅಂದಳು. ಸುಮ್ಮನೆ ಮಾತಿಗೆ "ನಿನ್ನ ಪಕ್ಕ ಕೂರ್ತಿದ್ಳಲ್ಲ, ಅವಳೀಗ ಎಲ್ಲಿ?" ಎಂದು ಕೇಳಿದೆ. ಅಷ್ಟೇ. ನಲವತ್ತು ನಿಮಿಷ ಮಾತು ನಿಲ್ಲಲಿಲ್ಲ. ಪಕ್ಕದವಳು ಮದುವೆಯಾದ ಮೇಲೆ ನಲವತ್ತೊಂದನೇ ವಯಸ್ಸಿಗೆ ಬಿ.ಎಡ್. ಮಾಡಿದ್ದು, ಅವಳ ಹಿಂದಿನ ಬೆಂಚಿನವ ಗುರುದೀಕ್ಷೆ ಪಡೆದು ಈಗ ಫಾದರ್ ಆಗಿದ್ದು, ಅವನ ಜೊತೆ ಹಾಸ್ಟೆಲಿನಲ್ಲಿದ್ದವ ಮಸ್ಕತ್‌ನಿಂದ ಬಂದು ಕೋಳಿ ಫಾರಂ ಹಾಕಿದ್ದು. ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದುಕೊಂಡೆ. ಒಂದು ರಾತ್ರಿಗೆ ಹನ್ನೊಂದು ಜನರ ಸುದ್ದಿ. ಫಾರ್ಮಿನಿಂದ ಒಂದು ವರ್ಷದಲ್ಲಿ ಅಷ್ಟು ಬಂದಿರಲಿಲ್ಲ.

ಆವತ್ತಿನಿಂದ ಯಾರಿಗೂ ಅವರ ಸುದ್ದಿ ಕೇಳುವುದನ್ನು ಬಿಟ್ಟೆ. ಒಬ್ಬರ ಬಗ್ಗೆ ಮೂರು ಕರೆ. ಮೊದಲನೇದು ರಿಜಿಸ್ಟರಿನಲ್ಲಿ ಅವರ ಹಿಂದಿನ ಅಥವಾ ಮುಂದಿನ ರೋಲ್ ನಂಬರಿನವರಿಗೆ. ಎರಡನೇದು ಊರಲ್ಲಿರುವ ಯಾರಿಗಾದರೂ, ಮೊದಲು ಕೇಳಿದ್ದು ಎಷ್ಟು ನಿಜ ಎಂದು ನೋಡಲು. ಮೂರನೇದು ಅವರಿಗೇ. ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಎರಡು ಸಾಲು ಬರೆದಿದ್ದು ಇರುತ್ತದೆ, ಅದನ್ನು ಓದಿ ಹೇಳುತ್ತೇನೆ. "ಬ್ರಹ್ಮಾವರದಲ್ಲಿ ಅಂಗಡಿ ಇಟ್ಟಿದ್ದೀರಂತೆ" ಎಂದರೆ "ಅಯ್ಯೋ, ಬ್ರಹ್ಮಾವರ ಅಲ್ಲ ಅಕ್ಕಾ, ಕುಂದಾಪುರ. ಅಂಗಡಿಯೂ ಅಲ್ಲ, ಬೇಕರಿ. ಈಗ ಎರಡಾಗಿದೆ" ಎಂದು ಉತ್ತರ ಬರುತ್ತದೆ. ಖಾಲಿ ಕಲಂ ತುಂಬಲು ಕೈ ಏಳದವರೂ ತಮ್ಮ ಬಗ್ಗೆ ತಪ್ಪು ಬರೆದಿದ್ದನ್ನು ತಿದ್ದದೆ ಬಿಡುವುದಿಲ್ಲ. ಮೂರನೇ ಕರೆಯಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಏಳು ವರ್ಷ ದುಡಿದು ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ.

ಹೊತ್ತು ನೋಡಿ ಕರೆ ಮಾಡಬೇಕು. ನವೆಂಬರ್‌ನಿಂದ ಜನವರಿವರೆಗೆ ರಾತ್ರಿ ಎಂಟರಿಂದ ಹತ್ತು, ಅಡಿಕೆ ಸುಲಿಯುವ ಮನೆಗಳಿಗೆ. ಕೈಗೆ ಕೆಲಸ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ, ಫೋನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟರೆ ಇಡೀ ಚಪ್ಪರ ಮಾತಾಡುತ್ತದೆ. ಜೂನ್‌ನಿಂದ ಆಗಸ್ಟ್ ಮಾತ್ರ ಪ್ರಯತ್ನವೇ ಬೇಡ. ಮಳೆಗೆ ಕರೆಂಟು ಹೋದರೆ ಹೊಸನಗರ, ತೀರ್ಥಹಳ್ಳಿ ಕಡೆ ಟವರೂ ಹೋಗುತ್ತದೆ. ಕೊಂಕಣಿ ಕ್ರೈಸ್ತರ ಮನೆಗಳಿಗೆ ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮೇರಿ ಮಾತೆಯ ಜನ್ಮದಿನ, ತೆನೆ ಹಬ್ಬ) ಮರುದಿನ ಒಳ್ಳೆಯದು. ಹಬ್ಬದ ದಿನ ಹೊಸ ಅಕ್ಕಿ ಊಟಕ್ಕೆ ಎಲ್ಲ ಸೇರಿರುತ್ತಾರೆ, ಮರುದಿನ ಮಾತಿಗೆ ಸಿಗುತ್ತಾರೆ. ಸಾಗರದ ಮಾರಿಕಾಂಬ ಜಾತ್ರೆ ಮೂರು ವರ್ಷಕ್ಕೊಮ್ಮೆ. 2023ರ ಜಾತ್ರೆಗೆ ಮೂರು ದಿನ ಅಲ್ಲೇ ಸ್ನೇಹಿತೆಯ ಮನೆ ಜಗುಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಬೆಂಗಳೂರು, ಪುಣೆ, ದುಬೈ ಎಂದು ಚದುರಿದವರೆಲ್ಲ ಅದೇ ಬೀದಿಯಲ್ಲಿ ಹಾದುಹೋದರು. ಐವತ್ತೆಂಟೋ ಅರವತ್ತೋ ಹೆಸರು ಸಿಕ್ಕಿತು.

ಇಷ್ಟೆಲ್ಲ ಮಾಡಿದರೂ ಒಂದು ಸಲ ಅವಸರ ಮಾಡಿದೆ. ನಾಲ್ಕನೇ ಸಂಚಿಕೆ, ಪ್ರೆಸ್ಸಿಗೆ ಹೋಗಲು ಎರಡು ದಿನ ಇತ್ತು. ಒಬ್ಬಳ ಬಗ್ಗೆ ಮೂರನೇ ಕರೆ ಮಾಡಲಿಲ್ಲ, ಪಕ್ಕದ ಬೆಂಚಿನವಳು ಹೇಳಿದ್ದನ್ನೇ ಹಾಕಿದೆ: ಪತಿಯೊಂದಿಗೆ ದುಬೈಯಲ್ಲಿ ನೆಲೆಸಿದ್ದಾರೆ ಎಂದು. ಅವರು ಬೇರೆಯಾಗಿ ಎರಡು ವರ್ಷವಾಗಿತ್ತು. ಅವಳು ಬಂದು ತಾಯಿಯ ಜೊತೆ ತೀರ್ಥಹಳ್ಳಿಯಲ್ಲಿದ್ದಳು. ಫೋನ್ ಮಾಡಿ ಬೈಯಲಿಲ್ಲ. "ಅಮ್ಮ ಓದಿದ್ರು ಅಕ್ಕಾ" ಅಂದಳು, ಅಷ್ಟೇ. ಮರುದಿನ ಅಂಗಡಿ ಬಾಗಿಲು ಹಾಕಿ ತೀರ್ಥಹಳ್ಳಿಗೆ ಹೋದೆ. ಆಮೇಲಿನ ಸಂಚಿಕೆಗಳಲ್ಲಿ ಮೂರನೇ ಕರೆ ಆಗದ ಹೆಸರು ಎಷ್ಟೇ ದೊಡ್ಡ ಹುದ್ದೆಯವರದಾದರೂ ಅಚ್ಚಾಗಿಲ್ಲ. ಅವಳು ಈಗ ಹೊಲಿಗೆ ತರಬೇತಿ ಕೊಡುತ್ತಾಳೆ. ಕಳೆದ ಸಂಚಿಕೆಯಲ್ಲಿ ಅವಳ ನಾಲ್ಕು ಸಾಲು ಅವಳೇ ಬರೆದು ಕೊಟ್ಟಿದ್ದು.

ಇನ್ನೊಂದು ಬದಲಾವಣೆಗೆ ಸಮಿತಿಯಲ್ಲಿ ಜಗಳವೇ ಆಯಿತು. ಮೊದಲೆಲ್ಲ ಒಳಪುಟಕ್ಕೆ "ನಮ್ಮ ಸಾಧಕರು" ಎಂದು ಬಣ್ಣದ ಫೋಟೋ ಹಾಕುತ್ತಿದ್ದೆವು: ಡಾಕ್ಟರೇಟ್ ಮಾಡಿದವರು, ಕೆನಡಾದವರು, ಬ್ಯಾಂಕ್ ಮ್ಯಾನೇಜರು. ಅದನ್ನು ತೆಗೆದು ಬ್ಯಾಚಿನ ಪ್ರಕಾರ, ಬ್ಯಾಚಿನೊಳಗೆ ರೋಲ್ ನಂಬರಿನ ಪ್ರಕಾರ ಹಾಕಿದೆ. "ದಾನ ಕೊಡೋರು ಬೇಜಾರು ಮಾಡ್ಕೊಳ್ತಾರೆ" ಎಂದರು. ಯಾರೂ ಮಾಡಿಕೊಳ್ಳಲಿಲ್ಲ. ಟೊರಾಂಟೊದಲ್ಲಿರುವ 27ನೇ ನಂಬರಿನವನ ಪಕ್ಕ ಹಾಸಿಗೆ ಹಿಡಿದ ತಂದೆಯನ್ನು ಹನ್ನೆರಡು ವರ್ಷದಿಂದ ನೋಡಿಕೊಂಡಿರುವ 28ನೇ ನಂಬರಿನವ ಬಂದ, ಇಬ್ಬರೂ ಕ್ಲಾಸಿನಲ್ಲಿ ಕೂರುತ್ತಿದ್ದ ಹಾಗೆಯೇ. ಆ ಸಂಚಿಕೆ ಹೊರಟ ಹದಿನೈದು ದಿನದಲ್ಲಿ ತಾವಾಗಿಯೇ ಫೋನ್ ಮಾಡಿದವರು ನೂರರ ಹತ್ತಿರ. "ಇಂಥದ್ದೂ ಹಾಕ್ತೀರಾದ್ರೆ ನಂದೂ ಬರ್ಕೊಳ್ಳಿ" ಎಂದವರೇ ಹೆಚ್ಚು. 2020ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಬಂದು, ಎಲೆಚುಕ್ಕಿ ರೋಗಕ್ಕೆ ಫಸಲು ಕಳೆದುಕೊಂಡು ಮತ್ತೆ ಬೆಂಗಳೂರಿಗೆ ಹೋದವರೊಬ್ಬರು, "ಹಿಂಗೇ ಬರೀರಿ, ಮುಚ್ಚಿಡೋದು ಎಂತ ಇಲ್ಲ" ಅಂದರು. ಅವರ ಸುದ್ದಿ ಓದಿ ಕೊಪ್ಪದ ಕಡೆಯ ಇನ್ನೊಬ್ಬ ಹಳೆ ವಿದ್ಯಾರ್ಥಿ ಅವರ ನಂಬರ್ ಕೇಳಿದರು. ಅವರನ್ನು ಕೇಳಿ ಕೊಟ್ಟೆ.

ಹುಡುಕುವುದು ಕಷ್ಟವಾದದ್ದು ಮೂರು ಬಗೆಯವರನ್ನು. ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಆದವರು: ಅವರ ಕೆಲವು ಧಾರ್ಮಿಕ ಸಭೆಗಳಲ್ಲಿ ವ್ರತ ತೆಗೆದುಕೊಂಡ ಮೇಲೆ ಹೆಸರೇ ಬದಲಾಗಿರುತ್ತದೆ, ವರ್ಗವೂ ಆಗುತ್ತಿರುತ್ತದೆ. ಇವರಿಗೆ ಹುಟ್ಟಿದೂರಿನ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಹಿರಿಯ ಹೆಂಗಸರನ್ನು ಕೇಳಬೇಕು, ಕಚೇರಿಯಲ್ಲಲ್ಲ. ಭದ್ರಾವತಿಯವರು: 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಕೆಲಸ ನಿಂತ ಮೇಲೆ ರಿಜಿಸ್ಟರಿನ ಕ್ವಾರ್ಟರ್ಸ್ ನಂಬರುಗಳು ಬರೀ ನಂಬರುಗಳಾಗಿ ಉಳಿದವು. ಅಲ್ಲಿ ಹಳೇ ಕಿರಾಣಿ ಅಂಗಡಿಯವರೊಬ್ಬರು ಹದಿನೆಂಟು ಮನೆಯವರು ಎಲ್ಲಿಗೆ ಹೋದರು ಎಂದು ಬಾಯಲ್ಲೇ ಹೇಳಿದರು. ಮೂರನೆಯವರು ಮದುವೆಯಾಗಿ ಇನಿಷಿಯಲ್ ಬದಲಾದ ಹೆಣ್ಣುಮಕ್ಕಳು. ಈಗ ನನ್ನ ಪಟ್ಟಿಯಲ್ಲಿ ತಂದೆಯ ಊರು, ಮನೆ ಹೆಸರಿಗೇ ಮೊದಲ ಕಲಂ. ಎಕ್ಸೆಲ್‌ನಲ್ಲಿ ಇನ್ನೊಂದು ಎಡವಟ್ಟೂ ಇತ್ತು: 2014ರ ನವೆಂಬರ್ 1ಕ್ಕೆ ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗ ಆಯಿತಲ್ಲ, ಹಳೇ ಪಟ್ಟಿಯಲ್ಲೊಂದು ಹೊಸ ಪಟ್ಟಿಯಲ್ಲೊಂದು ಕಾಗುಣಿತ, ಒಬ್ಬರೇ ಎರಡು ಸಲ ಬಂದರು. ಕೂತು ತಿದ್ದಿದೆ, ಒಂದು ವಾರ ಹೋಯಿತು.

ನಡುವೆ ಪೋಸ್ಟ್‌ಕಾರ್ಡ್ ಪ್ರಯೋಗವೂ ಮಾಡಿದೆ. ಐವತ್ತು ಪೈಸೆಯ ಕಾರ್ಡು, ಒಂದರಲ್ಲಿ ಕೈಬರಹದಲ್ಲಿ ಎರಡು ಸಾಲು, ಉತ್ತರಕ್ಕೆ ನನ್ನ ವಿಳಾಸ ಬರೆದ ಇನ್ನೊಂದು ಕಾರ್ಡು, ಎರಡನ್ನೂ ಲಕೋಟೆಗೆ ಹಾಕಿ ಕಳಿಸಿದೆ. 1990ಕ್ಕೆ ಮೊದಲಿನ ಬ್ಯಾಚಿನ ಸುಮಾರು 150 ಜನಕ್ಕೆ. ಉತ್ತರ ಬಂದದ್ದು ಮೂವತ್ತೈದು. ಒಂದು ಕಾರ್ಡಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಅಂಚಿನ ಸುತ್ತ ಪೆನ್ಸಿಲ್ಲಿನಲ್ಲಿ ತಮ್ಮ ಬೆಂಚಿನ ಐದು ಜನರ ಹೆಸರು ಬರೆದು "ಇವರು ಎಲ್ಲಿ?" ಎಂದು ನನ್ನನ್ನೇ ಕೇಳಿದ್ದರು. ನಾಲ್ಕು ಜನ ಸಿಕ್ಕಿದರು. ಹಳೆ ಬ್ಯಾಚಿಗೆ ಇದು ಈಗಲೂ ನಡೆಯುತ್ತದೆ ಎನ್ನುವುದು ನನ್ನ ಅಭಿಪ್ರಾಯ, ಸಮಯ ಇದ್ದವರು ಮಾಡಿ. ಧ್ವನಿ ಸಂದೇಶವನ್ನು ಅಕ್ಷರ ಮಾಡುವ ತಂತ್ರಾಂಶ ಮಾತ್ರ ಕೈಕೊಟ್ಟಿತು. ಕೊಂಕಣಿ ಬೆರೆತ ಮಲೆನಾಡು ಕನ್ನಡ ಅದಕ್ಕೆ ತಿಳಿಯಲಿಲ್ಲ, "ಕೊನೆ ಕೊಯ್ಲು" ಎಂದದ್ದು "ಕೊನೆಯ ಕೊಯಿಲು ರೋಗ" ಎಂದಾಯಿತು. ಕೇಳಿ ಕೈಯಲ್ಲೇ ಬರೆಯುತ್ತೇನೆ.

ದುಡ್ಡಿನ ವಿಷಯ. ಈ ಸಲ 64 ಪುಟ, 70 ಜಿಎಸ್‌ಎಂ ತೂಕದ ಕಾಗದ, ನಡುವೆ ಪಿನ್, 1,200 ಪ್ರತಿಗೆ 45–46 ಸಾವಿರ ಆಯಿತು. ಒಂದು ದೊಡ್ಡ ಹಾಳೆಗೆ ಹದಿನಾರು ಪುಟದ ಲೆಕ್ಕಕ್ಕೆ ಕೂರಿಸಿದ್ದರಿಂದ ನಾಲ್ಕೈದು ಸಾವಿರ ಉಳಿಯಿತು, ಅದು ನನ್ನ ಕಸುಬಿನ ಲಾಭ. ಅಂಚೆಗೆ ಬೇರೆ. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಬ್ಯಾಚಿಗೊಬ್ಬರು ಎರಡು ಸಾವಿರ ಕೊಡುತ್ತಾರೆ, ಇಪ್ಪತ್ತೊಂಬತ್ತು ಬ್ಯಾಚು ಕೊಟ್ಟವು. ಒಂದು ಎಚ್ಚರಿಕೆ ಹೇಳಲೇಬೇಕು. ಕೆನಡಾದ ಪೌರತ್ವ ಪಡೆದ ಒಬ್ಬರು 25 ಸಾವಿರ ಕಳಿಸಿದಾಗ ನಮಗೆಲ್ಲ ಖುಷಿ. ಆಡಿಟರ್ ನೋಡಿ ವಾಪಸ್ ಕಳಿಸಿಸಿದರು. ಪಾಸ್‌ಪೋರ್ಟ್ ವಿದೇಶದ್ದಾದರೆ ಅದು ವಿದೇಶಿ ದೇಣಿಗೆ, ವಿದೇಶಿ ದೇಣಿಗೆ ಕಾನೂನಿನ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಘ ಮುಟ್ಟುವಂತಿಲ್ಲ. ಬಹರೇನ್‌ನಲ್ಲಿದ್ದರೂ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸಂಬಳದಿಂದ ಬ್ಯಾಂಕ್ ಮೂಲಕ ಕಳಿಸಿದ್ದಕ್ಕೆ ಆ ತೊಡಕಿಲ್ಲ. ಹಾಗಾಗಿ ಸುದ್ದಿ ಕೇಳುವಾಗಲೇ ಇದನ್ನೂ ಮೆಲ್ಲಗೆ ಕೇಳಿ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ರಿಜಿಸ್ಟರಿನಲ್ಲಿ ಒಟ್ಟು ಸುಮಾರು 1,900 ಹೆಸರಿವೆ. ಏಳು ಸಂಚಿಕೆ ಸೇರಿ ಸಾವಿರದ ನೂರು ಚಿಲ್ಲರೆ ಜನ ಒಮ್ಮೆಯಾದರೂ ಬಂದಿದ್ದಾರೆ. 1998ರ ಬಿ.ಎ. ಬ್ಯಾಚಿನಲ್ಲಿ ಹತ್ತೊಂಬತ್ತು ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ, ಅದರಲ್ಲಿ ಏಳು ಜನ ಹೊಸನಗರ ತಾಲೂಕಿನ ನಗರ, ನಿಟ್ಟೂರು ಎಂಬ ಊರುಗಳ ಕಡೆಯವರು. ಮಳೆ ಬಿಟ್ಟಿದೆ, ರಸ್ತೆ ಒಣಗಿದೆ. ಬರುವ ಭಾನುವಾರ ಪೂಜೆ ಮುಗಿಸಿಕೊಂಡು ಆ ಕಡೆ ಹೊರಟಿದ್ದೇನೆ. 14ನೇ ನಂಬರಿನವಳ ಮನೆಯಲ್ಲಿ ಊಟ, 13 ಮತ್ತು 15ನೇ ನಂಬರಿನವರ ವಿಷಯ ಅವಳನ್ನು ಕೇಳುವುದಿದೆ.