ಎರಡು ಸಲ ಮೋಸ ಮಾಡಿದ ಹಳದಿ

‘ನ್ಯಾಕ್ ಹಾಕಿದ್ರೆ ಸೆಲ್ ಉಳಿಯುತ್ತೆ, ಸರಿ. ಆದ್ರೆ ಅದು ಹೊಗೆಯ ವಿಷವನ್ನ ಡಿಶ್‌ನಲ್ಲೇ ಹಿಡಿದುಹಾಕುತ್ತೆ. ಸೆಲ್ ಒಳಗೆ ಏನಾಯ್ತು ಹೇಳಿ?’ ಲ್ಯಾಬ್ ಮೀಟಿಂಗ್‌ನಲ್ಲಿ ನಮ್ಮ ಸೀನಿಯರ್ ಒಬ್ಬರು ಹೀಗೆ ಕೇಳಿದಾಗ ನನಗೆ ಮೈ ಉರಿಯಿತು. ನ್ಯಾಕ್ ಅಂದರೆ ಎನ್-ಅಸಿಟೈಲ್‌ಸಿಸ್ಟೀನ್, ಕಫ ಕರಗಿಸುವ ಔಷಧ. ಸೆಲ್ ತನ್ನನ್ನು ಕಾಪಾಡಿಕೊಳ್ಳುವ ಗ್ಲುಟಾಥಯೋನ್ ಎಂಬ ಅಣುವಿಗೆ ಅದು ಕಚ್ಚಾವಸ್ತು. ಡಿಶ್‌ನಲ್ಲಿ ಬೆಳೆಸಿದ ಸೆಲ್‌ಗಳನ್ನು ಸಿಗರೇಟು ಹೊಗೆಯಿಂದ ಅದು ಒಳಗಿನಿಂದಲೇ ಉಳಿಸುತ್ತದೆಯೇ ಎಂಬುದು ನನ್ನ ಪ್ರಯೋಗ. ಅವರು ಹೇಳಿದ್ದೇ ಸರಿ ಎಂದು ಒಪ್ಪಲು ಎಂಟು ತಿಂಗಳು ಬೇಕಾಯಿತು. ಅದಕ್ಕೆ ಉತ್ತರ ಕೊಡಲು ಇನ್ನೊಂದು ವರ್ಷ.

ಹೊಗೆಯ ಕಷಾಯ, ಅಂದರೆ ಸಿಗರೇಟಿನ ಹೊಗೆ ಕರಗಿಸಿದ ದ್ರವ, ಮಾಡುವುದು ಸುಲಭ. ಸೆಲ್ ಬೆಳೆಯುವ ದ್ರವವಾದ ಮೀಡಿಯಂ 10 ಎಂಎಲ್‌ಗೆ ಒಂದು ಸಿಗರೇಟಿನ ಹೊಗೆ, 0.22 ಮೈಕ್ರಾನ್ ಫಿಲ್ಟರ್, ಮುಗೀತು. ನಾನು ಬೆಳಿಗ್ಗೆ ಮಾಡಿಟ್ಟು ಊಟ ಆದಮೇಲೆ ಹಾಕುತ್ತಿದ್ದೆ. ದಿನಕ್ಕೊಂದು ಅಂಕಿ ಬರುತ್ತಿತ್ತು. ಈಗ ಅರ್ಧ ಗಂಟೆ ದಾಟಿದರೆ ಚೆಲ್ಲುತ್ತೇನೆ. 320 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಗಾಢತೆ ಓದಿ, ಹಿಂದಿನ ಬ್ಯಾಚಿಗೆ ಸರಿಹೊಂದಿಸದೆ ಒಂದು ಹನಿಯನ್ನೂ ಹಾಕುವುದಿಲ್ಲ. ಗೆಳೆಯರ ಜೇಬಿನ ಸಿಗರೇಟು ಬಿಟ್ಟು ಪ್ರಯೋಗಕ್ಕೆಂದೇ ಒಂದೇ ಸಮನಾಗಿ ಮಾಡಿದ, ಕೆಂಟಕಿ ವಿಶ್ವವಿದ್ಯಾಲಯದ ರೆಫರೆನ್ಸ್ ಸಿಗರೇಟಿಗೆ ಬಂದೆ. ದುಬಾರಿಯೇ. ಆದರೆ ಹಾಳಾದ ಪ್ಲೇಟುಗಳ ಖರ್ಚಿನ ಮುಂದೆ ಅದು ಏನೂ ಅಲ್ಲ.

ಮೊದಲ ಮೋಸ ಮೀಡಿಯಂದು. ಜೋಶ್‌ನಲ್ಲಿ 20 ಮಿಲಿಮೋಲಾರ್ ನ್ಯಾಕ್ ಹಾಕಿದ್ದೆ. ಕೆಂಪಗಿದ್ದ ಮೀಡಿಯಂ ಹಳದಿಗೆ ತಿರುಗಿತು. ಕಷಾಯದ ಬಣ್ಣ ಇರಬೇಕು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಸೆಲ್ ಕಿತ್ತುಬಂದು ತೇಲುತ್ತಿವೆ. ಹೊಗೆಯನ್ನೇ ಹಾಕದ ವೆಲ್‌ಗಳೂ (ಪ್ಲೇಟಿನ ಗುಳಿಗಳೂ) ಹಳದಿಯೇ! ಕಾರಣ ತಲೆಗೆ ಹೊಳೆಯಲು ಮೂರು ತಿಂಗಳು ಹಿಡಿಯಿತು. ನ್ಯಾಕ್ ಆಮ್ಲ ಅಲ್ವಾ? ಮೀಡಿಯಂನಲ್ಲಿರುವ ಕೆಂಪು ಬಣ್ಣ ಆಮ್ಲ ಕಂಡರೆ ಹಳದಿಯಾಗುತ್ತದೆ. ಪಿಎಚ್ ಕಾಗದದ ಒಂದು ಚೂರು ಉಳಿಸಬಹುದಾಗಿದ್ದ ಮೂರು ತಿಂಗಳು ಅವು. ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ 7.4ಕ್ಕೆ ತಂದ ಮೇಲೆ ಸರಿಹೋಯಿತು. ಆದರೆ ಹಾಗೆ ತಂದ ದ್ರಾವಣ ಬೇಗ ಆಕ್ಸಿಡೈಸ್ ಆಗುತ್ತದೆ. ಪ್ರತಿ ಸಲವೂ ಹೊಸದೇ ಬೇಕು.

ಎರಡನೆಯದು ನೆನೆದರೆ ಇವತ್ತಿಗೂ ನಾಚಿಕೆ. ಗ್ಲುಟಾಥಯೋನ್ ಅಳೆಯಲು ಡಿಟಿಎನ್‌ಬಿ ಎಂಬ ರಾಸಾಯನಿಕ ಹಾಕಿ 412 ನ್ಯಾನೋಮೀಟರ್‌ನಲ್ಲಿ ಓದಿದೆ. ಗ್ಲುಟಾಥಯೋನ್ ಮೂರು ಪಟ್ಟು ಜಾಸ್ತಿ! ಸ್ಲೈಡ್ ಮಾಡಿ ಎಲ್ಲರಿಗೂ ತೋರಿಸಿಯೂ ಬಿಟ್ಟೆ. ಡಿಟಿಎನ್‌ಬಿ ಯಾವ ಥಯೋಲ್ (ಬಿಡಿ ಗಂಧಕದ ತುದಿಯಿರುವ ಅಣು) ಕಂಡರೂ ಹಳದಿಯಾಗುತ್ತದೆ. ನ್ಯಾಕ್ ಕೂಡ ಥಯೋಲೇ. ನಾನು ಅಳೆದಿದ್ದು ನಾನೇ ಸುರಿದ ಔಷಧವನ್ನು. ಆಮೇಲೆ ಗ್ಲುಟಾಥಯೋನ್ ರಿಡಕ್ಟೇಸ್ ಎಂಬ ಕಿಣ್ವ ಬಳಸುವ ರೀಸೈಕ್ಲಿಂಗ್ ವಿಧಾನಕ್ಕೆ ಬಂದೆ. ಆ ಕಿಣ್ವಕ್ಕೆ ನ್ಯಾಕ್ ಕಾಣುವುದಿಲ್ಲ. ಎರಡು ಕಿಟ್‌ಗೆ ಆ ವರ್ಷದ ಕೆಮಿಕಲ್ ದುಡ್ಡಿನಲ್ಲಿ ಕಾಲು ಭಾಗ ಹೋಗಿತ್ತು. ಮೂರನೆಯದನ್ನು ಕೊಳ್ಳಲಿಲ್ಲ. ಕಿಣ್ವ, ಡಿಟಿಎನ್‌ಬಿ, ಕಿಣ್ವಕ್ಕೆ ಬೇಕಾದ ಎನ್‌ಎಡಿಪಿಎಚ್ ಬಿಡಿಬಿಡಿಯಾಗಿ ತರಿಸಿ ನಾನೇ ಕೂಡಿಸಿದೆ. ಖರ್ಚು ಹತ್ತರಲ್ಲೊಂದು ಪಾಲಿಗೆ ಇಳಿಯಿತು.

ಕೊನೆಗೆ ಗೆದ್ದ ದಾರಿ ಸರಳ. 2 ಮಿಲಿಮೋಲಾರ್ ನ್ಯಾಕ್ ಇಡೀ ರಾತ್ರಿ ಕೊಡುವುದು, ತೊಳೆಯುವುದು, ಆಮೇಲೆ ಹೊಗೆ. ತೊಳೆಯುವಾಗ ಸೆಲ್ ಏಳದ ಹಾಗೆ ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಪೇಪರ್ ಬರುವ ತನಕ ಅದು ನನ್ನ ಹತ್ತಿರವೇ ಇರಲಿ. ನೆನಪಿನಿಂದ ಹೇಳುವುದಾದರೆ, ಬರೀ ಹೊಗೆಗೆ ಗ್ಲುಟಾಥಯೋನ್ ಮಾಮೂಲಿನ ಶೇ. 40ರ ಆಸುಪಾಸಿಗೆ ಬೀಳುತ್ತಿತ್ತು. ಮೊದಲೇ ನ್ಯಾಕ್ ಕೊಟ್ಟರೆ 70–75. ಬಿಎಸ್‌ಒ ಎಂಬ ರಾಸಾಯನಿಕ ಹಾಕಿ ಗ್ಲುಟಾಥಯೋನ್ ತಯಾರಿಯನ್ನೇ ನಿಲ್ಲಿಸಿದಾಗ ಆ ಲಾಭವೆಲ್ಲ ಹೋಯಿತು. ನನಗೆ ಬೇಕಿದ್ದ ಸಾಕ್ಷಿ ಅದೇ.

ಈ ಅಂಕಿಗಳೆಲ್ಲ ಹೊಗೆ ಹಾಕಿ 4 ಗಂಟೆ ಕಳೆದ ಮೇಲಿನವು. ಒಮ್ಮೆ ಸುಮ್ನೆ 24 ಗಂಟೆಗೂ ಅಳೆದೆ. ಬರೀ ಹೊಗೆ ಕುಡಿದ ಸೆಲ್‌ಗಳಲ್ಲಿ ಗ್ಲುಟಾಥಯೋನ್ ಮೊದಲಿಗಿಂತ ಜಾಸ್ತಿ! ಏಟು ತಿಂದ ಸೆಲ್ ಎನ್‌ಆರ್‌ಎಫ್-2 ಎಂಬ ರಕ್ಷಣಾ ಪ್ರೋಟೀನನ್ನು ಎಬ್ಬಿಸಿ ಗ್ಲುಟಾಥಯೋನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅಳೆದು ‘ಔಷಧದಿಂದ ಏನೂ ಪ್ರಯೋಜನ ಇಲ್ಲ’ ಎಂದು ಕೈಬಿಟ್ಟವರು ಎಷ್ಟು ಜನರೋ. ಕಾರ್ಬೊಸಿಸ್ಟೀನ್ ಎಂಬ ಇನ್ನೊಂದು ಕಫದ ಔಷಧದ ಮೇಲೂ ಎರಡು ವಾರ ಕಳೆದೆ. ಅದರ ಗಂಧಕ ಮುಚ್ಚಿಕೊಂಡಿರುವುದರಿಂದ ಡಿಶ್‌ನಲ್ಲಿ ಅದು ನ್ಯಾಕ್‌ನಂತೆ ವಿಷ ಹಿಡಿಯುವುದಿಲ್ಲ, ಆಸೆ ಅದೇ ಆಗಿತ್ತು. ಸಿಕ್ಕ ಲಾಭ ಸ್ವಲ್ಪವೇ.

ಡಿಶ್ ನೋಡಿ ರೋಗಿಯ ಬಗ್ಗೆ ಮಾತಾಡುವ ಧೈರ್ಯ ನನಗಿಲ್ಲ. 2005ರ ಬ್ರಾಂಕಸ್ ಟ್ರಯಲ್‌ನಲ್ಲಿ ದಿನಕ್ಕೆ 600 ಮಿಲಿಗ್ರಾಂ ನ್ಯಾಕ್ ಮೂರು ವರ್ಷ ಕೊಟ್ಟರೂ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ರೋಗಿಗಳ ಶ್ವಾಸಕೋಶದ ಕುಸಿತ ನಿಧಾನವಾಗಲಿಲ್ಲ. 2014ರ ಪ್ಯಾಂಥಿಯಾನ್ ಟ್ರಯಲ್‌ನಲ್ಲಿ ದಿನಕ್ಕೆ 1200 ಕೊಟ್ಟಾಗ ರೋಗ ಉಲ್ಬಣಿಸುವ ಸಲಗಳು ಕಡಿಮೆಯಾದವು. ನುಂಗಿದ ನ್ಯಾಕ್‌ನಲ್ಲಿ ಶೇ. 10ರಷ್ಟೂ ರಕ್ತಕ್ಕೆ ಹಾಗೇ ಸೇರುವುದಿಲ್ಲ. ನಾನು ಕೊಟ್ಟಿದ್ದು ಮಿಲಿಮೋಲಾರ್, ರಕ್ತದಲ್ಲಿ ಸಿಗುವುದು ಮೈಕ್ರೋಮೋಲಾರ್ (ಮಿಲಿಯ ಸಾವಿರದಲ್ಲೊಂದು ಪಾಲಿನ ಅಳತೆ). ಈಗ 50 ಮೈಕ್ರೋಮೋಲಾರ್‌ನ ಪ್ಲೇಟುಗಳು ಇನ್‌ಕ್ಯುಬೇಟರ್‌ನಲ್ಲಿವೆ.

ಸೀನಿಯರ್‌ಗೆ ಗ್ರಾಫ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ‘ತೊಳೆದ ಪಿಬಿಎಸ್‌ನಲ್ಲಿ ನ್ಯಾಕ್ ಉಳಿದಿಲ್ಲ ಅಂತ ಹೇಗೆ ಗೊತ್ತು?’ ಅಂದರು. ಪಿಬಿಎಸ್ ಅಂದರೆ ಸೆಲ್ ತೊಳೆಯುವ ಉಪ್ಪುನೀರು. ಕೊನೆಯ ಸಲ ತೊಳೆದದ್ದಕ್ಕೆ ಅವರೆದುರೇ ಡಿಟಿಎನ್‌ಬಿ ಹಾಕಿದೆ. ಹಳದಿ ಬರಲಿಲ್ಲ.