ವಿಜಯಪುರ ಒಂದು ದಿನದಲ್ಲಿ: ಬೆಳಿಗ್ಗೆ ಗುಮ್ಮಟ, ಸಂಜೆ ರೋಜಾ

ವಿಜಯಪುರವನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಆದರೆ ಕ್ರಮ ತಪ್ಪಿದರೆ ನೋಡಿಯೂ ನೋಡದ ಹಾಗಾಗುತ್ತದೆ. ಇಲ್ಲಿ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಾದ ಎರಡು ದೊಡ್ಡ ಕಟ್ಟಡಗಳಲ್ಲಿ ಗೋಳಗುಮ್ಮಟ ಕಿವಿಗೆ, ಇಬ್ರಾಹಿಂ ರೋಜಾ ಕಣ್ಣಿಗೆ. ಮೊದಲನೆಯದಕ್ಕೆ ಸದ್ದಿಲ್ಲದ ಹೊತ್ತು ಬೇಕು, ಎರಡನೆಯದಕ್ಕೆ ಓರೆ ಬಿಸಿಲು. ಹೆಚ್ಚಿನವರು ಹನ್ನೊಂದು ಗಂಟೆಗೆ ಗುಮ್ಮಟದ ಮುಂದೆ ಇಳಿದು, ನೂರು ಮಂದಿ ಕೂಗುವ ಗದ್ದಲದಲ್ಲಿ ತಾವೂ ಎರಡು ಕೂಗು ಹಾಕಿ ಕೆಳಗಿಳಿಯುತ್ತಾರೆ. ಕಲ್ಲಿನ ಕೆತ್ತನೆಯೆಲ್ಲ ಚಪ್ಪಟೆಯಾಗಿ ಕಾಣುವ ನಡುಮಧ್ಯಾಹ್ನ ರೋಜಾಕ್ಕೆ ಹೋಗುತ್ತಾರೆ. ನಾನು ಪಾಲಿಸುವ ಕ್ರಮ ಇದಕ್ಕೆ ಉಲ್ಟಾ.

ಮೊದಲು ದಿನ ಆರಿಸಿಕೊಳ್ಳಿ. ಶುಕ್ರವಾರ ಬೇಡ. ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ, ಜಾಮಿಯಾ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಜನ ಸೇರುತ್ತಾರೆ. ಭಾನುವಾರವೂ ಬೇಡ. ಡಿಸೆಂಬರ್, ಜನವರಿ ಹವೆಗೆ ಚೆನ್ನ, ಆದರೆ ಅದು ಶಾಲಾ ಪ್ರವಾಸದ ಹಂಗಾಮು. ಬಂದರೆ ಮಂಗಳವಾರ, ಬುಧವಾರ ಬರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಮಧ್ಯಾಹ್ನದ ಸುತ್ತಾಟವನ್ನು ಪೂರ್ತಿ ಬಿಡಬೇಕಾಗುತ್ತದೆ. ಚಪ್ಪಲಿ ಬಿಟ್ಟು ನಡೆಯುವ ಕಡೆ ಕಲ್ಲಿನ ಹಾಸು ಕಾದ ಹಂಚಿನಂತೆ ಸುಡುತ್ತದೆ. ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ.

ಗುಮ್ಮಟದ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ತೆರೆದ ಮೊದಲ ಅರ್ಧ ಗಂಟೆಗೆ ಬೆಲೆ ಕಟ್ಟಲಾಗದು. ರೈಲು ನಿಲ್ದಾಣ ಹತ್ತಿರದಲ್ಲೇ ಇದೆ, ಟಾಂಗಾ ಅಥವಾ ಆಟೋ ಸಾಕು. ಟಿಕೆಟ್ ಭಾರತೀಯರಿಗೆ 25 ರೂಪಾಯಿ. ಫೋನಿನಲ್ಲೇ ಕೊಂಡರೆ ಐದು ರೂಪಾಯಿ ಕಡಿಮೆ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಒಳಗೆ ಹೋದ ಕೂಡಲೇ ಮೆಟ್ಟಿಲಿನ ಕಡೆ ಓಡಬೇಡಿ ಎಂದು ಹೇಳಬೇಕಾದ ಜಾಗ ಇದು, ಆದರೆ ನಾನು ಓಡಿ ಎನ್ನುತ್ತೇನೆ. ಕೆಳಗಿನ ಅಂಗಳ ಎಲ್ಲೂ ಹೋಗುವುದಿಲ್ಲ, ಮೇಲಿನ ನಿಶ್ಶಬ್ದ ಹೋಗುತ್ತದೆ. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿವೆ, ಮೆಟ್ಟಿಲು ಅವುಗಳ ಒಳಗೆ. ಇಕ್ಕಟ್ಟು, ಎತ್ತರ ಒಂದೇ ಸಮ ಇಲ್ಲ. ಮೊಣಕಾಲು ನೋವಿದ್ದವರು ಪ್ರತಿ ಅಂತಸ್ತಿನಲ್ಲೂ ಕಮಾನಿನ ಬಳಿ ನಿಂತು ಗಾಳಿ ತೆಗೆದುಕೊಂಡು ಹತ್ತಬಹುದು. ಇಳಿಯುವವರು ಎದುರು ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಲೇಬೇಕು. ಬೆಳಿಗ್ಗೆ ಬರುವುದಕ್ಕೆ ಇದೂ ಒಂದು ಕಾರಣ.

ಮಾಳಿಗೆಯಿಂದ ಸಣ್ಣ ಬಾಗಿಲಲ್ಲಿ ತಲೆ ತಗ್ಗಿಸಿ ಒಳಹೊಕ್ಕರೆ ಪಿಸುಗುಟ್ಟುವ ಗ್ಯಾಲರಿ. ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್ ಹೋಗುತ್ತದೆ ಎಂದುಕೊಂಡರೆ, ಎದುರು ಗೋಡೆಗೆ ಹೋಗಿ ಮರಳಲು ಸೆಕೆಂಡಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು. ಅಂದರೆ ಒಂದು ಅಕ್ಷರ ಆಡುವಷ್ಟು ಹೊತ್ತು. ಉದ್ದ ವಾಕ್ಯ ಕೂಗಿದವರಿಗೆ ಬರೀ ಗೊಂದಲ ಕೇಳಿಸುವುದು ಇದರಿಂದಲೇ: ಮೊದಲ ಅಕ್ಷರ ಮರಳುವಾಗ ಎರಡನೆಯದು ಬಾಯಲ್ಲಿರುತ್ತದೆ, ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. ಪ್ರತಿಧ್ವನಿ ಎಣಿಸಬೇಕಾದರೆ ಒಂದೇ ಒಂದು ಚಪ್ಪಾಳೆ ಹೊಡೆದು, ಸದ್ದು ಪೂರ್ತಿ ಅಡಗುವವರೆಗೆ ಉಸಿರು ಬಿಗಿಹಿಡಿದು ಕೇಳಿ. ಏಳು ಸಲ ಎಂದು ಎಲ್ಲರೂ ಹೇಳುತ್ತಾರೆ. ನಿಶ್ಶಬ್ದ ಚೆನ್ನಾಗಿದ್ದರೆ ಅದಕ್ಕಿಂತ ಹೆಚ್ಚೂ ಸಿಗುತ್ತದೆ.

ಪಿಸುಮಾತಿನ ವಿಧಾನವೇ ಬೇರೆ. ನಡುವಿನ ಬಯಲಿಗೆ ಮುಖ ಮಾಡಿ ಆಡಬಾರದು. ಗೋಡೆಗೆ ಒಂದು ಗೇಣು ದೂರದಲ್ಲಿ ಬಾಯಿಟ್ಟು, ಗೋಡೆಯ ಉದ್ದಕ್ಕೆ ಓರೆಯಾಗಿ, ಮಗುವನ್ನು ಮಲಗಿಸುವಾಗಿನ ದನಿಯಲ್ಲಿ ಆಡಬೇಕು. ಎದುರು ಬದಿಯವರು ಕಿವಿಯನ್ನು ಗೋಡೆಗೆ ಹತ್ತಿರ ತರಬೇಕು. ಬಾಗಿದ ಗೋಡೆಯನ್ನು ಸವರಿಕೊಂಡು ದನಿ ಹರಿದು ಬರುತ್ತದೆ. ಕಾಗದ ಹರಿದು ನೋಡಿ, ಮಾತಿಗಿಂತ ಸ್ಪಷ್ಟ. ಹರಿದ ಚೂರು ಜೇಬಿಗೆ.

ಕೆಳಗಿಳಿದ ಮೇಲೆ ನಡುವಿನ ಕಟ್ಟೆಯ ಬಳಿ ನಿಂತು ತಲೆಯೆತ್ತಿ. ಒಳಗೆ ಒಂದೂ ಕಂಬವಿಲ್ಲ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಿದ ಗುಟ್ಟು ಮೂಲೆಗಳಲ್ಲಿದೆ: ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು, ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಹೆಣೆದುಕೊಂಡಿವೆ. ಭಾರವೆಲ್ಲ ಆ ಹೆಣಿಗೆಯ ಮೂಲಕ ಗೋಡೆಗೆ ಇಳಿಯುತ್ತದೆ. ಇಲ್ಲಿ ಮಲಗಿರುವ ಸುಲ್ತಾನ ಮಹಮ್ಮದ್ ಆದಿಲ್‌ಶಾಹ ತೀರಿಕೊಂಡ 1656ಕ್ಕೆ ಕೆಲಸ ನಿಂತಿತು. ಕಟ್ಟೆಯ ಮೇಲಿನವು ಗುರುತಿನ ಸಮಾಧಿಗಳು, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿ. ಹೊರಬರುವಾಗ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ ತೆರೆದಿದ್ದರೆ ಒಂದು ಗಂಟೆ ಕೊಡಿ.

ಅಲ್ಲಿಂದ ಜಾಮಿಯಾ ಮಸೀದಿ. ಇಂದಿಗೂ ನಮಾಜು ನಡೆಯುವ ಜಾಗ; ಮೈ ಮುಚ್ಚುವ ಬಟ್ಟೆ, ತಲೆಗೆ ಒಂದು ವಸ್ತ್ರ ಇರಲಿ. ಒಂದನೇ ಅಲಿ ಆದಿಲ್‌ಶಾಹ ಶುರುಮಾಡಿಸಿದ್ದು. ನೆಲದಲ್ಲಿ ಒಬ್ಬೊಬ್ಬರಿಗೆ ಒಂದರಂತೆ ಗೆರೆ ಎಳೆದ 2,250 ಚೌಕಗಳಿವೆ, ಅವು ಔರಂಗಜೇಬನ ಕಾಲದವು. ಮಿಹ್ರಾಬಿನ (ಮೆಕ್ಕಾದ ದಿಕ್ಕು ತೋರುವ ಗೋಡೆಗೂಡಿನ) ಚಿನ್ನದ ಬಣ್ಣದ ಕೆಲಸಕ್ಕೆ ಪರದೆ ಎಳೆದಿದ್ದರೆ ಅಲ್ಲಿದ್ದವರನ್ನು ವಿನಯದಿಂದ ಕೇಳಿ, ತಾವೇ ಸರಿಸಲು ಹೋಗಬೇಡಿ.

ಪಶ್ಚಿಮಕ್ಕೆ ಸಾಗುತ್ತಾ ಮೆಹ್ತರ್ ಮಹಲಿನ ಮುಂದೆ ಐದು ನಿಮಿಷ. ಹೆಸರಿಗೆ ಮಹಲು, ನಿಜಕ್ಕೆ ಒಂದು ಹೆಬ್ಬಾಗಿಲು. ಬಾಲ್ಕನಿಯ ಕೆಳಗಿನ ಆನಿಕೆಗಳನ್ನು ಕಲ್ಲಲ್ಲ, ಮರ ಎಂದೇ ಹಲವರು ತಿಳಿಯುತ್ತಾರೆ. ಆಸಾರ್ ಮಹಲಿನ ಒಳಗೆ ಮಹಿಳೆಯರಿಗೆ ಪ್ರವೇಶವಿಲ್ಲ, ಕುಟುಂಬದೊಂದಿಗೆ ಬಂದವರು ಹೊರಗಿನಿಂದ ತೇಗದ ದೊಡ್ಡ ಕಂಬಗಳನ್ನು ನೋಡಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಅರಕಿಲ್ಲೆಯಲ್ಲಿ, ಅಂದರೆ ಒಳಕೋಟೆಯಲ್ಲಿ, ಗಗನ ಮಹಲಿನ ನಡುಗಮಾನು 60 ಅಡಿ ಅಗಲ, 1561ರದ್ದು. ಕರೀಮುದ್ದೀನ್ ಮಸೀದಿಯ ಕಂಬಗಳು ಹಳೆಯ ದೇಗುಲಗಳವು, ಆದಿಲ್‌ಶಾಹಿಗಳು ಬರುವುದಕ್ಕಿಂತ ಮುಂಚಿನ 1320ರ ಕಟ್ಟಡ. ಸಾತ್ ಮಂಜಿಲ್ ಈಗ ಏಳಂತಸ್ತು ಉಳಿದಿಲ್ಲ.

ಬಾರಾ ಕಮಾನ್ ಮಾತ್ರ ಬಿಡಬಾರದು, ಅದೂ ಗುಮ್ಮಟ ನೋಡಿದ ಮೇಲೆಯೇ. ಎರಡನೇ ಅಲಿ ಆದಿಲ್‌ಶಾಹನ ಸಮಾಧಿ, 1672ರಲ್ಲಿ ಅವನ ಸಾವಿನೊಂದಿಗೆ ಅರ್ಧಕ್ಕೆ ನಿಂತುಹೋಯಿತು. ಛಾವಣಿ ಇಲ್ಲ, ಗಾರೆ ಇಲ್ಲ, ಬರಿಯ ಕಪ್ಪು ಕಲ್ಲಿನ ಕಮಾನುಗಳು. ಗುಮ್ಮಟದಲ್ಲಿ ಗಾರೆಯೊಳಗೆ ಅಡಗಿದ ಎಲುಬು ಇಲ್ಲಿ ಬಯಲಲ್ಲಿದೆ. ಕಮಾನಿನ ಕಲ್ಲುಗಳು ಕೂಡುವ ಸಂದಿಗಳನ್ನು ಹತ್ತಿರದಿಂದ ನೋಡಿ.

ಒಂದರಿಂದ ಮೂರು ಗಂಟೆ ಊಟಕ್ಕೆ, ನೆರಳಿಗೆ. ಯಾವುದಾದರೂ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಹೊಟ್ಟೆ ಬಿರಿಯುವಂತೆ ತಿನ್ನಬೇಡಿ, ಮುಂದೆ ಉಪಲಿ ಬುರುಜಿನ ಮೆಟ್ಟಿಲಿವೆ.

ಮೂರರ ಮೇಲೆ ಆಟೋವನ್ನು ಸಂಜೆವರೆಗೆ ಮಾತಾಡಿಕೊಳ್ಳಿ: ಉಪಲಿ ಬುರುಜು, ಮುಲುಕ್ ಮೈದಾನ ಫಿರಂಗಿ, ತಾಜ್ ಬಾವಡಿ ಎಂಬ ದೊಡ್ಡ ಬಾವಿ, ರೋಜಾ, ಮರಳಿ ನಿಲ್ದಾಣ. ಕಾಯುವ ಹೊತ್ತೂ ಸೇರಿ ಎಷ್ಟು ಎಂದು ಮೊದಲೇ ಬಾಯಿಬಿಟ್ಟು ಕೇಳದಿದ್ದರೆ ಕೊನೆಗೆ ತಕರಾರು ಖಚಿತ. ಉಪಲಿ ಬುರುಜು 80 ಅಡಿ ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿದೆ. ಮೇಲೆ 30 ಅಡಿ ದಾಟುವ ಉದ್ದನೆಯ ತೋಪು, ಅಂದರೆ ಫಿರಂಗಿ. ಊರಿನ ನಕ್ಷೆ ತಲೆಗೆ ಹತ್ತುವುದು ಇಲ್ಲಿ ನಿಂತಾಗ. ಶೇರ್ಜಾ ಬುರುಜಿನ ಮೇಲಿನ ಮುಲುಕ್ ಮೈದಾನ ತೋಪು 55 ಟನ್, ಗಂಟೆಯ ಲೋಹದಲ್ಲಿ 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಬಳಿ ಕುಳಿತು ನೋಡಿ: ಸಿಂಹದ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಇಂಥದನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬಿಡ್ಡು 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು.

ತಾಜ್ ಬಾವಡಿಗೆ ಹತ್ತು ನಿಮಿಷ ಸಾಕು. ಎರಡು ಗೋಪುರಗಳ ನಡುವಿನ ದೊಡ್ಡ ಕಮಾನಿನಿಂದ ನೀರಿನ ಕಡೆಗೆ ನೋಟ, ಅಷ್ಟೇ.

ರೋಜಾಕ್ಕೆ ನಾಲ್ಕೂವರೆಯೊಳಗೆ ತಲುಪಿ. ಇಲ್ಲಿ ಟಿಕೆಟ್ ಬೇರೆ. ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಎರಡನೇ ಇಬ್ರಾಹಿಮನ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ. ಮಸೀದಿಯ ಮುಖ ಪೂರ್ವಕ್ಕಿರುವುದರಿಂದ ಸಂಜೆ ಅದು ನೆರಳಲ್ಲಿರುತ್ತದೆ, ಸಮಾಧಿಯ ಪಶ್ಚಿಮ ಮುಖಕ್ಕೆ ಬಿಸಿಲು ಓರೆಯಾಗಿ ಬಡಿಯುತ್ತದೆ. ಗೋಡೆಯ ಕೆತ್ತನೆ ಮಧ್ಯಾಹ್ನ ಕಾಣದಷ್ಟು ತೆಳು. ಈ ಬೆಳಕಿನಲ್ಲಿ ಒಂದೊಂದು ಗೆರೆಗೂ ನೆರಳು ಬಂದು ಎದ್ದು ನಿಲ್ಲುತ್ತದೆ. ಆಮೇಲೆ ಒಳಗೆ ಹೋಗಿ ಕಿಟಕಿಗಳನ್ನು ಬೆಳಕಿಗೆ ಎದುರಾಗಿ ನೋಡಿ. ಅರಬ್ಬೀ ಅಕ್ಷರಗಳೇ ಕಲ್ಲಿನ ಜಾಲಂದ್ರ. ಅಕ್ಷರ ಬಿಟ್ಟು ಉಳಿದ ಜಾಗವನ್ನೆಲ್ಲ ಕೊರೆದು ತೆಗೆದಿದ್ದಾರೆ. ಫೋಟೋ ತೆಗೆಯುವವರು ಫ್ಲಾಶ್ ಹಾಕಿದರೆ ಅಕ್ಷರವೂ ತೂತೂ ಒಂದೇ ಆಗಿಬಿಡುತ್ತವೆ, ಕಿಟಕಿಯ ಬೆಳಕಿಗೇ ಎಕ್ಸ್‌ಪೋಜರ್ ಕೂರಿಸಿ. ತಲೆ ಮೇಲಿನ ಚಪ್ಪಟೆ ಛಾವಣಿ 40 ಅಡಿ ಚೌಕದ ಕೋಣೆಗೆ ಹೊದಿಸಿದ್ದು, ಕಣ್ಣಿಗೆ ಕಾಣುವ ಆಧಾರವೇ ಇಲ್ಲದೆ ನಿಂತಿದೆ.

ಕೊನೆಗೆ ಮಸೀದಿಯ ಸೂರಿನಂಚು. ಒಂದೇ ಕಲ್ಲಿನಲ್ಲಿ ಬಿಡಿಸಿದ ಸರಪಳಿ ಜೋತುಬಿದ್ದಿದೆ, ಕೊಂಡಿಯೊಳಗೆ ಕೊಂಡಿ. ಹೊತ್ತು ಮುಳುಗುತ್ತಲೇ ಕಾವಲಿನವರು ಹೊರಡಿಸುತ್ತಾರೆ. ಆ ಹೊತ್ತಿಗೆ ಇಲ್ಲಿಂದ ಖಾಲಿ ಆಟೋ ಸಿಗುವುದು ಕಷ್ಟ. ಬಂದ ಆಟೋವನ್ನೇ ನಿಲ್ಲಿಸಿಕೊಂಡಿರಿ, ಪೂರ್ತಿ ದುಡ್ಡು ನಿಲ್ದಾಣದಲ್ಲಿ ಇಳಿದ ಮೇಲೆ ಕೊಡಿ.